ಹೆಣ್ಣುಮಕ್ಕಳ, ಅಂಚಿನ ಜನರ ಸುದ್ದಿಯನ್ನು ನ್ಯಾಯವಾಗಿ ಬರೆಯೋದು: ಪತ್ರಕರ್ತರಿಗೆ ಎರಡು ದಿನದ ತರಬೇತಿ ನಡೆಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಬಸವನಗುಡಿಯಲ್ಲಿ ಕಸ ಗುಡಿಸುವ ಒಬ್ಬ ಪೌರಕಾರ್ಮಿಕ ಮಹಿಳೆಯನ್ನು ಮಾತನಾಡಿಸಿ ವರದಿ ಬರೆದಿದ್ದೆ. ಮೂರು ತಿಂಗಳಿಂದ ಅವರಿಗೆ ಸಂಬಳ ಬಂದಿರಲಿಲ್ಲ. ವರದಿ ಚೆನ್ನಾಗಿದೆ ಅಂತ ಕಚೇರಿಯಲ್ಲಿ ಎಲ್ಲರೂ ಹೇಳಿದರು. ಪೇಪರ್ ಹಿಡಿದು ಅವರ ಮನೆಗೆ ಹೋದೆ. ಜೋರಾಗಿ ಓದಿದ್ದು ಎಂಟನೇ ಕ್ಲಾಸಿನ ಅವರ ಮಗಳು. ಮುಗಿಸಿ ನನ್ನ ಮುಖ ನೋಡಿದಳು. "ಅಕ್ಕಾ, ಆಫೀಸರ್ ಸಾಹೇಬ್ರು 'ತಿಳಿಸಿದರು' ಅಂತ ಐತೆ. ನಮ್ಮಮ್ಮಂಗೆ ಯಾಕೆ 'ಅಳಲು ತೋಡಿಕೊಂಡಳು' ಅಂತ ಬರ್ದಿದೀರಾ? ನಮ್ಮಮ್ಮ ಅತ್ತೇ ಇಲ್ವಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತಾಯಿ ಅತ್ತಿರಲಿಲ್ಲ. ಯಾವ ತಿಂಗಳು ಎಷ್ಟು ಬಾಕಿ ಅಂತ ಲೆಕ್ಕ ಹೇಳಿದ್ದರು, ಗುತ್ತಿಗೆದಾರನ ಹೆಸರು ಹೇಳಿದ್ದರು. ನನ್ನ ಕೈ ಮಾತ್ರ ರೂಢಿಯಂತೆ ಬರೆದುಕೊಂಡು ಹೋಗಿತ್ತು. ನಾನು ನಡೆಸುವ ಪ್ರತಿ ತರಬೇತಿಯೂ ಈಗ ಆ ಹುಡುಗಿಯ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಪತ್ರಿಕೆ, ಚಾನೆಲ್, ವೆಬ್‌ಸೈಟ್ ಅಥವಾ ಪತ್ರಿಕೋದ್ಯಮ ವಿಭಾಗದಲ್ಲಿ ಇಂಥ ತರಬೇತಿ ನಡೆಸಬೇಕು ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಬೆಂಗಳೂರಿನವು, ಭಾಷೆ ನಮ್ಮ ಕನ್ನಡ ಸುದ್ದಿಮನೆಯದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: "ಲಿಂಗ ಸಮಾನತೆ ಎಂದರೇನು" ಅಂತ ಭಾಷಣದಿಂದ ಶುರು ಮಾಡಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ. ಮಾರನೇ ದಿನ ಅದೇ ಹೆಡ್ಡಿಂಗ್ ಬರುತ್ತದೆ. ಅವರವರ ಕಾಪಿಯನ್ನೇ, ಅಂದರೆ ಅವರು ಬರೆದ ಸುದ್ದಿಯನ್ನೇ, ಅವರ ಮುಂದೆ ಇಡಿ, ಅವರ ಕೈಯಿಂದಲೇ ತಿದ್ದಿಸಿ.

ಹೆಜ್ಜೆ 1: ಮೊದಲು ಎಣಿಸಿ

ತರಬೇತಿಗೆ ಎರಡು ವಾರ ಮುಂಚೆ ಆ ಸಂಸ್ಥೆಯದೇ ಏಳು ದಿನದ ಪತ್ರಿಕೆ ಇಟ್ಟುಕೊಳ್ಳಿ. ಚಾನೆಲ್ ಆದರೆ ಏಳು ದಿನದ ರಾತ್ರಿ ಬುಲೆಟಿನ್. ಒಂದು ಹಾಳೆಯಲ್ಲಿ ಗೆರೆ ಎಳೆದು ಇಷ್ಟನ್ನು ಬರೆದುಕೊಳ್ಳಿ: ಸುದ್ದಿಯಲ್ಲಿ ಮಾತನಾಡಿದವರು ಯಾರು, ಹೆಣ್ಣೋ ಗಂಡೋ ಲಿಂಗತ್ವ ಅಲ್ಪಸಂಖ್ಯಾತರೋ, ಅವರ ಹೆಸರು ಇದೆಯಾ, ಯಾವ ಹೊಣೆಯಲ್ಲಿ ಮಾತನಾಡಿದರು, ಕ್ರಿಯಾಪದ ಏಕವಚನವೋ ಬಹುವಚನವೋ. ಕೊನೆಯ ಕಾಲಂ ಬಿಡಬೇಡಿ. ಅಚ್ಚರಿ ಎಲ್ಲ ಅಲ್ಲೇ ಇರುತ್ತದೆ.

ಎಣಿಸುವಾಗ ಒಂದು ವಿಷಯ ಗಮನಿಸಿ. ಹೆಣ್ಣುಮಕ್ಕಳು ಸುದ್ದಿಯಲ್ಲಿ ಇರುತ್ತಾರೆ, ಆದರೆ ಹೇಗೆ? ನೊಂದವರಾಗಿ, ಪ್ರತ್ಯಕ್ಷದರ್ಶಿಯಾಗಿ, ಯಾರದೋ ಹೆಂಡತಿಯಾಗಿ. ಬಜೆಟ್ ಬಗ್ಗೆ, ಮೆಟ್ರೋ ಬಗ್ಗೆ, ಮಳೆನೀರು ಕಾಲುವೆ ಬಗ್ಗೆ ತಜ್ಞರ ಮಾತು ಬೇಕು ಅಂದಾಗ ಫೋನ್ ಹೋಗುವುದು ಅದೇ ನಾಲ್ಕು ಗಂಡಸರಿಗೆ. ಇದು ಬರೀ ನಮ್ಮೂರಿನ ಕಥೆ ಅಲ್ಲ. 1995ರಿಂದ ಐದು ವರ್ಷಕ್ಕೊಮ್ಮೆ ಜಗತ್ತಿನಾದ್ಯಂತ ನಡೆಯುವ ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್ 2020ರಲ್ಲಿ ಎಣಿಸಿದಾಗ, ಸುದ್ದಿಯಲ್ಲಿ ಕಾಣುವ, ಮಾತನಾಡುವ ಜನರಲ್ಲಿ ಹೆಂಗಸರು ನೂರಕ್ಕೆ 25 ಮಾತ್ರ ಇದ್ದರು.

ಜಾತಿಯ ಲೆಕ್ಕ ಇನ್ನೂ ಕಷ್ಟ, ಯಾಕೆಂದರೆ ಸುದ್ದಿಮನೆಯೊಳಗೆ ಅದನ್ನು ಕೇಳುವವರೇ ಇಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ದೇಶದ ಸುದ್ದಿಸಂಸ್ಥೆಗಳಲ್ಲಿ 121 ಮುಖ್ಯ ಹುದ್ದೆಗಳನ್ನು ನೋಡಿದವು. 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಈ ಅಂಕಿಯನ್ನು ಮೊದಲ ದಿನ ಬೆಳಗ್ಗೆಯೇ ಬೋರ್ಡ್ ಮೇಲೆ ಬರೆಯಿರಿ. ವಾದ ಶುರುವಾಗುತ್ತದೆ. ಆಗಲಿ. ಸ್ವಲ್ಪ ಹೊತ್ತು ಬಿಡಿ, ಆಮೇಲೆ ಅವರದೇ ಪತ್ರಿಕೆಯ ಲೆಕ್ಕ ತೋರಿಸಿ.

ಹೆಜ್ಜೆ 2: ಡೆಸ್ಕಿನವರನ್ನು ಬಿಟ್ಟು ಕೂಡಬೇಡಿ

ಹೆಚ್ಚಿನ ತರಬೇತಿ ಸೋಲುವುದು ಇಲ್ಲಿ. ವರದಿಗಾರರನ್ನು ಮಾತ್ರ ಕರೆಯುತ್ತಾರೆ. ಆದರೆ ಕಾಪಿ ತಿದ್ದಿ ಹೆಡ್ಡಿಂಗ್ ಕೊಡುವುದು ಡೆಸ್ಕು. ಫೋಟೋ ಆರಿಸುವುದು ಇನ್ನೊಬ್ಬರು. ಥಂಬ್‌ನೇಲ್ ಮಾಡುವ ಹುಡುಗ ಕಾಪಿಯನ್ನು ಪೂರ್ತಿ ಓದಿಯೇ ಇರುವುದಿಲ್ಲ. ಆದ್ದರಿಂದ ಕ್ರೈಂ ವರದಿಗಾರರು, ಡೆಸ್ಕಿನವರು, ಫೋಟೋಗ್ರಾಫರ್, ಸ್ಕ್ರೋಲ್ ಬರೆಯುವವರು, ಪುಟ ಕಟ್ಟುವವರು ಎಲ್ಲ ಸೇರಿ ಹದಿನೈದು ಜನ ಸಾಕು. ಮುಖ್ಯ ವರದಿಗಾರರು ಎರಡೂ ದಿನ ಪೂರ್ತಿ ಕೂರಬೇಕು. ಉದ್ಘಾಟನೆಗೆ ಬಂದು ಹೋದರೆ ಪ್ರಯೋಜನ ಇಲ್ಲ. ಸಮಯ ಬೆಳಗ್ಗೆ ಹತ್ತರಿಂದ ಎರಡರವರೆಗೆ ಇಡಿ. ಸಂಜೆ ನಾಲ್ಕಾದ ಮೇಲೆ ಯಾರ ಮನಸ್ಸೂ ಅಲ್ಲಿರುವುದಿಲ್ಲ, ಕಾಪಿ ಫೈಲ್ ಮಾಡಬೇಕಲ್ಲ.

ಹೆಜ್ಜೆ 3: ಕ್ರಿಯಾಪದದ ಬಾಲ ಹಿಡಿಯಿರಿ

ಮೊದಲ ದಿನದ ಅರ್ಧ ಭಾಗ ಇದಕ್ಕೇ ಕೊಡಿ. ಇಂಗ್ಲಿಷಿನ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಪ್ರತಿ ವಾಕ್ಯದ ಕೊನೆಯಲ್ಲೂ ನಾವು ಯಾರಿಗೆ ಎಷ್ಟು ಮರ್ಯಾದೆ ಕೊಡುತ್ತೇವೆ ಅನ್ನುವುದು ಅಚ್ಚಾಗಿರುತ್ತದೆ. ಶಾಸಕರು "ಭರವಸೆ ನೀಡಿದರು". ಕೂಲಿ ಹೆಂಗಸು "ಕಣ್ಣೀರಿಟ್ಟಳು". ಸಾಫ್ಟ್‌ವೇರ್ ಕಂಪನಿಯಲ್ಲಿರುವವರು "ದೂರು ನೀಡಿದ್ದಾರೆ", ಮನೆಗೆಲಸದವಳು "ದೂರಿದ್ದಾಳೆ". ಒಬ್ಬರು "ಎಂಬುವವರು", ಇನ್ನೊಬ್ಬರು "ಎಂಬಾಕೆ".

ಅಭ್ಯಾಸ ಹೀಗೆ ಮಾಡಿಸಿ. ಅವರದೇ ಪತ್ರಿಕೆಯ ಹತ್ತು ಸುದ್ದಿಗಳನ್ನು ಪ್ರಿಂಟ್ ತೆಗೆದು ಹಂಚಿ. ಕೆಂಪು ಪೆನ್ನಿನಲ್ಲಿ ಏಕವಚನಕ್ಕೆಲ್ಲ ಸುತ್ತು ಹಾಕಲಿ. ಪಕ್ಕದಲ್ಲಿ ಆ ವ್ಯಕ್ತಿಯ ಕೆಲಸ ಬರೆಯಲಿ. ಇಪ್ಪತ್ತು ನಿಮಿಷದಲ್ಲಿ ಕೋಣೆ ಸುಮ್ಮನಾಗುತ್ತದೆ. ನಾನು ನೋಡಿದಷ್ಟು ಸಲವೂ ಹಾಗೇ ಆಗಿದೆ. ಸುತ್ತುಗಳೆಲ್ಲ ಬಡವರ ಮೇಲೆ, ಕೆಳಜಾತಿಯವರ ಮೇಲೆ, ಹೆಣ್ಣುಮಕ್ಕಳ ಮೇಲೆ ಬಿದ್ದಿರುತ್ತವೆ.

ಆಮೇಲೆ ನಿಯಮ ಅವರೇ ಮಾಡಲಿ. ಹೆಚ್ಚಿನ ಸಲ ಕೊನೆಗೆ ಬರುವುದು ಇದು: ವಯಸ್ಕರೆಲ್ಲರಿಗೂ ಬಹುವಚನ. ಆರೋಪಿಗೂ ಕೂಡ. ಇಲ್ಲಿ ಜಗಳ ಆಗುತ್ತದೆ, "ಅತ್ಯಾಚಾರಿಗೂ ಅವರು ಅನ್ನಬೇಕಾ?" ಅಂತ. ನನ್ನ ಉತ್ತರ: ತೀರ್ಪು ಕೊಡುವುದು ಕೋರ್ಟು, ವ್ಯಾಕರಣ ಅಲ್ಲ. ಬಹುವಚನ ಬೇಡವೇ ಬೇಡ ಅಂದರೆ "ಆರೋಪಿಯನ್ನು ಪೊಲೀಸರು ಬಂಧಿಸಿದ್ದಾರೆ" ಅಂತ ಬರೆಯಬಹುದು, ಪ್ರಶ್ನೆಯೇ ಏಳುವುದಿಲ್ಲ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಆಗಬಾರದು ಅಷ್ಟೇ.

ಟ್ರಾನ್ಸ್ ವ್ಯಕ್ತಿಗಳ ಬಗ್ಗೆ ಬರೆಯುವಾಗಲೂ "ಅವರು" ಕೈಹಿಡಿಯುತ್ತದೆ. ಅವನೋ ಅವಳೋ ಅಂತ ಬೇರೆ ಭಾಷೆಯವರು ಒದ್ದಾಡುವ ಕಡೆ ನಮಗೆ ಒಂದು ಸಹಜವಾದ ಪದ ಮೊದಲಿನಿಂದಲೂ ಇದೆ. ಆದರೂ ಕೇಳಿ. "ನಿಮ್ಮನ್ನ ಹೇಗೆ ಬರೀಲಿ?" ಅಂತ ಕೇಳುವುದಕ್ಕೆ ಐದು ಸೆಕೆಂಡು ಸಾಕು.

"ಅಳಲು ತೋಡಿಕೊಂಡರು", "ಗೋಳಿಟ್ಟರು", "ಅಲವತ್ತುಕೊಂಡರು": ಇವನ್ನೂ ಆವತ್ತೇ ಚರ್ಚೆಗೆ ತನ್ನಿ. ಬಹುವಚನ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜನ ಮಾಹಿತಿ ಕೊಟ್ಟಾಗ "ಹೇಳಿದರು" ಅನ್ನಿ. ಆರೋಪ ಮಾಡಿದಾಗ "ಆರೋಪಿಸಿದರು" ಅನ್ನಿ. ನಿಜವಾಗಿ ಅತ್ತಿದ್ದರೆ ಮಾತ್ರ ಅತ್ತರು.

ಹೆಜ್ಜೆ 4: ಪದಗಳ ಗೋಡೆ

ಗೋಡೆಗೆ ದೊಡ್ಡ ಹಾಳೆ ಅಂಟಿಸಿ. ಸುದ್ದಿಮನೆಯಲ್ಲಿ ದಿನಾ ಓಡಾಡುವ ಪದಗಳನ್ನು ಒಬ್ಬೊಬ್ಬರೂ ಬಂದು ಬರೆಯಲಿ. ಸರಿ ತಪ್ಪು ಆಮೇಲೆ.

ನಮ್ಮ ಭಾಷೆ ತನ್ನನ್ನು ತಾನೇ ತಿದ್ದಿಕೊಂಡ ಒಂದು ಒಳ್ಳೆಯ ಉದಾಹರಣೆಯಿಂದ ಶುರು ಮಾಡಿ. "ಮರ್ಯಾದಾ ಹತ್ಯೆ" ಅಂತ ಬರೆಯುತ್ತಿದ್ದ ಕಡೆ ಈಗ ಎಷ್ಟೋ ಕನ್ನಡ ಪತ್ರಿಕೆಗಳು "ಮರ್ಯಾದೆಗೇಡು ಹತ್ಯೆ" ಅಂತ ಬರೆಯುತ್ತವೆ. ಮಗಳು ಬೇರೆ ಜಾತಿಯವನನ್ನು ಮದುವೆಯಾದಳು ಅಂತ ಕೊಲ್ಲುವುದರಲ್ಲಿ ಮರ್ಯಾದೆ ಎಲ್ಲಿಂದ ಬಂತು? ಆ ಒಂದು "ಗೇಡು" ಸೇರಿಸಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಬದಲಾವಣೆ ಸಾಧ್ಯ ಅಂತ ತೋರಿಸಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಇನ್ನು ಬೇರೆ ಪದಗಳಿಗೆ ಬನ್ನಿ. "ಮಾನಭಂಗ" ಅಂದರೆ ಮಾನ ಹೋದದ್ದು ಯಾರದ್ದು? ನಡೆದದ್ದು ಲೈಂಗಿಕ ದೌರ್ಜನ್ಯ, ಹಾಗೇ ಬರೆಯಿರಿ. "ಪಾಗಲ್ ಪ್ರೇಮಿ" ಅಂದಾಗ ಚಾಕು ಹಾಕಿದವನು ಪ್ರೇಮಿ ಆಗಿಬಿಡುತ್ತಾನೆ, ಹಿಂಬಾಲಿಸಿ ಕಾಟ ಕೊಟ್ಟದ್ದು ಮರೆಯಾಗುತ್ತದೆ. "ಅನೈತಿಕ ಸಂಬಂಧದ ಶಂಕೆ, ಪತ್ನಿ ಕೊಲೆ" ಅನ್ನುವ ಹೆಡ್ಡಿಂಗ್ ಕೊಂದವನ ಸಬೂಬನ್ನೇ ಕಾರಣ ಅಂತ ಹೇಳುತ್ತದೆ, ಸತ್ತವರಿಗೆ ಉತ್ತರ ಕೊಡಲು ಬಾಯಿ ಇಲ್ಲ. "ನೇಣಿಗೆ ಶರಣು" ಬೇಡ. ಆತ್ಮಹತ್ಯೆ ವರದಿಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ: ವಿಧಾನ ವಿವರಿಸಬಾರದು, ಎದ್ದುಕಾಣುವ ಜಾಗದಲ್ಲಿ ಹಾಕಬಾರದು, ರೋಚಕ ಮಾಡಬಾರದು. ಇಂಥ ಸುದ್ದಿಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕುವುದನ್ನು ರೂಢಿ ಮಾಡಿಸಿ. ಇಡೀ ದೇಶಕ್ಕೆ ಆ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್.

"ಹರಿಜನ" ಪದ ಬಿಡಿ. "ದಲಿತ" ಪದದ ಬಗ್ಗೆ ಮಾತು ಬಂದೇ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ವಾರ್ತಾ ಇಲಾಖೆ ಖಾಸಗಿ ಚಾನೆಲ್‌ಗಳಿಗೆ "ಪರಿಶಿಷ್ಟ ಜಾತಿ" ಅಂತಲೇ ಬಳಸಿ ಎಂದು ಸಲಹೆ ಕಳಿಸಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಕಾನೂನು, ಮೀಸಲಾತಿಯ ಸುದ್ದಿಯಲ್ಲಿ ಪರಿಶಿಷ್ಟ ಜಾತಿ, ಜನ ತಮ್ಮನ್ನು ತಾವು ದಲಿತರು ಅಂದುಕೊಂಡಾಗ ದಲಿತರು. ಕರ್ನಾಟಕದಲ್ಲಿ ಆ ಪದದ ಹಿಂದೆ ದಲಿತ ಸಂಘರ್ಷ ಸಮಿತಿಯ ದೊಡ್ಡ ಹೋರಾಟ ಇದೆ. ಅದನ್ನು ಅಳಿಸುವ ಹಕ್ಕು ಡೆಸ್ಕಿಗೆ ಇಲ್ಲ.

ಅಂಗವೈಕಲ್ಯದ ಪದಗಳು ನಮ್ಮ ನುಡಿಗಟ್ಟಿನಲ್ಲೇ ಹುದುಗಿವೆ. "ಕಿವುಡಾದ ಸರ್ಕಾರ", "ಜಾಣಕುರುಡು", "ಕುಂಟುತ್ತಿರುವ ಕಾಮಗಾರಿ". ಬರೆಯುವಾಗ ಯಾರಿಗೂ ನೋವು ಮಾಡುವ ಉದ್ದೇಶ ಇರುವುದಿಲ್ಲ. ಆದರೆ ಕೋಣೆಯಲ್ಲಿ ಕಣ್ಣು ಕಾಣದ ಒಬ್ಬರು ಕೂತಿದ್ದರೆ ಹೆಡ್ಡಿಂಗನ್ನು ಜೋರಾಗಿ ಓದುತ್ತೀರಾ? "ನಿಧಾನಗತಿ ಕಾಮಗಾರಿ" ಅಂದರೆ ಅರ್ಥ ಏನೂ ಕಮ್ಮಿ ಆಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆ ಪಟ್ಟಿಯ ಪ್ರತಿ ಇಟ್ಟುಕೊಂಡಿರಿ.

ಟ್ರಾನ್ಸ್ ಸಮುದಾಯಕ್ಕೆ ಒಂದೇ ಪದ ಸಾಲದು. ಸರ್ಕಾರಿ ಕಡತದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು, ಮಾತಿನಲ್ಲಿ ಮಂಗಳಮುಖಿ, ಉತ್ತರ ಕರ್ನಾಟಕದ ಪರಂಪರೆಯಲ್ಲಿ ಜೋಗತಿ, ಜೋಗಪ್ಪ. ಇವೆಲ್ಲ ಒಂದೇ ಅಲ್ಲ. ಎದುರಿಗಿರುವವರು ಹೇಳಿದ್ದನ್ನೇ ಬರೆಯಿರಿ. ಇಲ್ಲಿಗೆ ಒಂದು ಅಭ್ಯಾಸ ಕೊಡಿ: ಮಂಜಮ್ಮ ಜೋಗತಿ ಅವರ ಬಗ್ಗೆ ಇನ್ನೂರು ಪದ. ಜನಪದ ಕಲಾವಿದೆ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ, ಪದ್ಮಶ್ರೀ ಪುರಸ್ಕೃತರು. ಷರತ್ತು ಒಂದೇ. ದೇಹದ ಬಗ್ಗೆ ಒಂದು ಸಾಲೂ ಇರಬಾರದು, ಕಲೆಯ ಬಗ್ಗೆ ಮಾತ್ರ. ಎಷ್ಟು ಜನರಿಗೆ ನೂರು ಪದ ದಾಟುವುದೇ ಕಷ್ಟವಾಗುತ್ತದೆ ನೋಡಿ. ಅವರ ಕಲೆಯ ಬಗ್ಗೆ ನಾವು ಎಷ್ಟು ಕಡಿಮೆ ಕೇಳಿದ್ದೇವೆ ಅಂತ ಆಗ ಅರ್ಥವಾಗುತ್ತದೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಈ ಸಮುದಾಯಕ್ಕೆ ಶೇ 1 ಮೀಸಲಾತಿ ತಂದಿತು. ಎಷ್ಟು ಹುದ್ದೆ ತುಂಬಿವೆ ಅಂತ ಹುಡುಕುವುದೂ ಒಂದು ಸುದ್ದಿಯೇ.

ಹೆಜ್ಜೆ 5: ಗುರುತು ಬಿಟ್ಟುಕೊಡದ ಕಾಪಿ

ಇದು ಕಾನೂನಿನ ಪಾಠ. ವಕೀಲರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗ ಮಾಡಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮೊದಲು ಐಪಿಸಿ 228ಎ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72. ಮಕ್ಕಳ ವಿಷಯದಲ್ಲಿ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ ಸೆಕ್ಷನ್ 23 ಇನ್ನೂ ಬಿಗಿ: ಹೆಸರು, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದೂ ಬರಬಾರದು, ಪತ್ರಿಕೆಯ ಮಾಲೀಕರೂ ಹೊಣೆಗಾರರು. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು. ದೂರದಿಂದಲೂ ಗುರುತು ಸಿಗುವ ಯಾವ ವಿವರವನ್ನೂ ಹಾಕುವಂತಿಲ್ಲ. ಸಂತ್ರಸ್ತರು ತೀರಿಕೊಂಡಿದ್ದರೂ ಅಷ್ಟೇ. ಮನೆಯವರು ಒಪ್ಪಿದರೂ ತೀರ್ಮಾನ ಸೆಷನ್ಸ್ ನ್ಯಾಯಾಧೀಶರದ್ದು.

ಸೆಕ್ಷನ್ ಬಾಯಿಪಾಠ ಮಾಡಿಸಿ ಉಪಯೋಗ ಇಲ್ಲ. ತಪ್ಪು ನಡೆಯುವ ಬಗೆಯೇ ಬೇರೆ. ಹೆಸರು ಯಾರೂ ಹಾಕುವುದಿಲ್ಲ. ಒಂದು ಪತ್ರಿಕೆ ಊರಿನ ಹೆಸರು ಹಾಕುತ್ತದೆ, ಇನ್ನೊಂದು ಶಾಲೆಯ ಹೆಸರು, ಮತ್ತೊಂದು "ತಂದೆ ಆಟೋ ಚಾಲಕ, ಮೂವರು ಮಕ್ಕಳಲ್ಲಿ ಕೊನೆಯವಳು" ಅಂತ. ಮೂರನ್ನೂ ಓದಿದ ಆ ಬೀದಿಯವರಿಗೆ ಮಗು ಯಾರು ಅಂತ ಗೊತ್ತಾಗಿಬಿಡುತ್ತದೆ. ಆದ್ದರಿಂದ ಕಾಲ್ಪನಿಕವಾದ ಒಂದು ಎಫ್‌ಐಆರ್ ತಯಾರು ಮಾಡಿ ಮೂರು ಗುಂಪಿಗೆ ಕೊಡಿ, ಬೇರೆ ಬೇರೆ ಕೂತು ಬರೆಯಲಿ. ಆಮೇಲೆ ಮೂರೂ ಕಾಪಿ ಪಕ್ಕಪಕ್ಕ ಇಟ್ಟು ಗುರುತು ಹಿಡಿಯಲು ಆಗುತ್ತದಾ ನೋಡಿ. ಆರೋಪಿ ತಂದೆಯೋ ಮಾವನೋ ಆಗಿದ್ದರೆ ಅವರ ಹೆಸರು ಹಾಕಿದರೂ ಮಗುವಿನ ಗುರುತು ಸಿಗುತ್ತದೆ, ಅಲ್ವಾ? ಆ ಎಫ್‌ಐಆರ್‌ನಲ್ಲಿ ಇದನ್ನು ಬೇಕೆಂದೇ ಸೇರಿಸಿ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು, ವಿಚಾರಣೆಯ ವಿವರಗಳನ್ನೂ 2013ರ ಕಾಯ್ದೆಯ ಸೆಕ್ಷನ್ 16ರ ಪ್ರಕಾರ ಪ್ರಕಟಿಸುವಂತಿಲ್ಲ. ಇದು ಐಟಿ ಕಂಪನಿಗಳ ಊರು, ಇಂಥ ಸುದ್ದಿ ಬರುತ್ತಲೇ ಇರುತ್ತದೆ, ಈ ನಿಯಮ ಮಾತ್ರ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಹೆಜ್ಜೆ 6: ಸುದ್ದಿಯ ಇನ್ನೊಂದು ತುದಿ

ಎರಡನೇ ದಿನ ಹಳೆಯ ಘಟನೆಗಳನ್ನು ತೆಗೆದುಕೊಂಡು ಮತ್ತೆ ಬರೆಸಿ. ನಾನು ಯಾವಾಗಲೂ ಬಳಸುವುದು ಮೂರು.

ಒಂದು, 2016ರ ಏಪ್ರಿಲ್ 18 ಮತ್ತು 19. ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣ 58 ವರ್ಷದವರೆಗೆ ಸಿಗುವುದಿಲ್ಲ ಅನ್ನುವ ಹೊಸ ನಿಯಮ ಬಂದಿತ್ತು. ಕೈಕಾಲು ಸೋತು ನಲವತ್ತಕ್ಕೇ ಕೆಲಸ ಬಿಡುವವರಿಗೆ, ಮಗಳ ಮದುವೆಗೋ ಮನೆಯ ಭೋಗ್ಯಕ್ಕೋ ಆ ದುಡ್ಡನ್ನೇ ನಂಬಿಕೊಂಡವರಿಗೆ 58 ಅಂದರೆ ಏನು? ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಈಗ ಅದೇ ಮಾಹಿತಿ ಕೊಟ್ಟು ಇಂಟ್ರೊ, ಅಂದರೆ ಸುದ್ದಿಯ ಮೊದಲ ಸಾಲುಗಳನ್ನು, ಬರೆಯಲು ಹೇಳಿ. "ಸಂಚಾರ ಅಸ್ತವ್ಯಸ್ತ, ಪ್ರಯಾಣಿಕರ ಪರದಾಟ" ಅಂತ ಶುರು ಮಾಡಿದವರು ಎಷ್ಟು, ಪಿಎಫ್‌ನಿಂದ ಶುರು ಮಾಡಿದವರು ಎಷ್ಟು, ಎಣಿಸಿ.

ಎರಡು, 2020ರ ಜನವರಿ, ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರ. ಅಲ್ಲಿ ಬಾಂಗ್ಲಾದೇಶದ ಅಕ್ರಮ ವಲಸಿಗರಿದ್ದಾರೆ ಅನ್ನುವ ವಿಡಿಯೊ ಓಡಾಡಿದ ಮೇಲೆ ಶೆಡ್‌ಗಳನ್ನು ಕೆಡವಿದರು. ಮನೆ ಕಳೆದುಕೊಂಡವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಕೂಲಿಗಳು, ಈಶಾನ್ಯ ರಾಜ್ಯಗಳ ಜನ ಇದ್ದರು. ವಿಷಯ ಹೈಕೋರ್ಟಿಗೆ ಹೋಯಿತು. ಕೇಳಬೇಕಾದ್ದು: ಆ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದ ದಿನ ಮೊದಲ ಫೋನ್ ಯಾರಿಗೆ ಮಾಡುತ್ತಿದ್ದಿರಿ? ಶೆಡ್‌ಗೆ ಹೋಗಿ ಆಧಾರ್, ವೋಟರ್ ಕಾರ್ಡ್ ನೋಡಿ ಬರಲು ಎಷ್ಟು ಹೊತ್ತು ಬೇಕಿತ್ತು?

ಮೂರನೆಯದು ತಾರೀಖಿಲ್ಲದ್ದು. "ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕ ಉಸಿರುಗಟ್ಟಿ ಸಾವು." ಈ ಸಾಲಿನಲ್ಲಿ ಇಳಿದವರಿದ್ದಾರೆ, ಇಳಿಸಿದವರಿಲ್ಲ. ಮನುಷ್ಯರನ್ನು ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಇಳಿಸಿದ್ದು ಯಾರು, ಗುತ್ತಿಗೆ ಯಾರದ್ದು, ಪರಿಹಾರ ಬಂತಾ, ಸತ್ತವರ ಸಮುದಾಯದವರೇ ಯಾಕೆ ಪ್ರತಿ ಸಲ ಸಾಯುತ್ತಾರೆ: ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಕಾಪಿ ಮುಗಿದಿಲ್ಲ ಅಂತ ಹೇಳಿಕೊಡಿ.

ಹೆಜ್ಜೆ 7: ಪಾಠ ಮಾಡುವವರು ಅವರೇ ಆಗಲಿ

ಪೌರಕಾರ್ಮಿಕರೊಬ್ಬರು, ಗಾರ್ಮೆಂಟ್ಸ್ ಸಂಘಟನೆಯವರೊಬ್ಬರು, ಟ್ರಾನ್ಸ್ ಸಮುದಾಯದವರೊಬ್ಬರು, ಗಾಲಿಕುರ್ಚಿ ಬಳಸುವವರೊಬ್ಬರು. ಇವರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಿರಿ, ಗೌರವಧನ ಕೊಡಿ. ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ, ಹೂಗುಚ್ಛ ಕೊಟ್ಟು ಕಳಿಸಬೇಡಿ. ಹಾಲ್ ಮೊದಲನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ ಹಾಲನ್ನೇ ಬದಲಾಯಿಸಿ. "ನಿಮ್ಮ ಕಷ್ಟ ಹೇಳಿ" ಅಂತ ಕೇಳಬೇಡಿ. ಪತ್ರಿಕೆ ಕೈಗೆ ಕೊಟ್ಟು "ಇದರಲ್ಲಿ ನಿಮ್ಮ ಬಗ್ಗೆ ಏನು ತಪ್ಪಾಗಿದೆ?" ಅಂತ ಕೇಳಿ. ಎರಡು ಪ್ರಶ್ನೆಗೂ ಬರುವ ಉತ್ತರ ಬೇರೆ ಬೇರೆ.

ಆಮೇಲೆ ಒಂದು ಬೆಳಗ್ಗೆ ಎಲ್ಲರನ್ನೂ ಆರೂವರೆಗೆ ಪೌರಕಾರ್ಮಿಕರು ಹಾಜರಿ ಹಾಕುವ ಜಾಗಕ್ಕೆ ಕರೆದುಕೊಂಡು ಹೋಗಿ. ಕ್ಯಾಮೆರಾ ಬೇಡ. ಗಾರ್ಮೆಂಟ್ಸ್‌ನವರು ಬಿಡುವಾಗಿ ಸಿಗುವುದು ಭಾನುವಾರ ಮಾತ್ರ, ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಅವರ ಮನೆಯ ಹತ್ತಿರ. ಪ್ರೆಸ್ ಮೀಟ್ ಹೊತ್ತಿಗೆ ಅವರು ಯಾರೂ ಬರಲಾರರು, ಅದಕ್ಕೇ ಅವರ ಮಾತು ಪತ್ರಿಕೆಯಲ್ಲಿ ಇರುವುದಿಲ್ಲ.

ಮಾತನಾಡಿಸುವ ರೀತಿಯನ್ನೂ ಅಲ್ಲೇ ಕಲಿಸಿ. ಯಾವ ಪತ್ರಿಕೆ, ಯಾವಾಗ ಬರುತ್ತದೆ, ಯಾರೆಲ್ಲ ನೋಡುತ್ತಾರೆ ಅಂತ ಮೊದಲೇ ಹೇಳಬೇಕು. ಗುತ್ತಿಗೆದಾರರು ಓದಿದರೆ ಕೆಲಸ ಹೋಗಬಹುದು ಅನ್ನುವುದನ್ನೂ ಹೇಳಬೇಕು. ಆಮೇಲೆ ಹೆಸರು ಹಾಕಲಾ ಅಂತ ಕೇಳಬೇಕು. ಫೋಟೋಗೆ ಬೇರೆಯೇ ಒಪ್ಪಿಗೆ ಬೇಕು. ಮುಖಕ್ಕೆ ಮಸುಕು ಹಾಕಿ, ಸೀರೆ, ಮನೆಯ ಬಾಗಿಲು, ಗಾಡಿ ನಂಬರ್ ಹಾಗೇ ಬಿಟ್ಟರೆ ಮುಚ್ಚಿದ ಹಾಗಾಗಲಿಲ್ಲ.

ಹೆಜ್ಜೆ 8: ಸುದ್ದಿಮನೆಯ ಒಳಗೆ

ಇದನ್ನು ಚಿಕ್ಕದಾಗಿ ಮಾಡಿದರೂ ಬಿಡಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಯಾವ ಕಚೇರಿಯಲ್ಲೂ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ನಿಮ್ಮಲ್ಲಿ ಇದೆಯಾ, ಸದಸ್ಯರು ಯಾರು, ಗೋಡೆಯ ಮೇಲೆ ಹಾಕಿದ್ದೀರಾ? ಹುಡುಗಿಯರಿಗೆ ಯಾವಾಗಲೂ ಪುರವಣಿ, ಹುಡುಗರಿಗೆ ಕ್ರೈಂ, ರಾಜಕೀಯ ಯಾಕೆ? ರಾತ್ರಿ ಪಾಳಿ ಮುಗಿದ ಮೇಲೆ ಕ್ಯಾಬ್ ಮನೆಯ ಬಾಗಿಲಿಗೆ ಹೋಗುತ್ತದಾ, ಮುಖ್ಯರಸ್ತೆಗಾ? ಒಂದು ಸುಳಿವೂ ಕೊಡುತ್ತೇನೆ: 2002ರಲ್ಲಿ ಶುರುವಾದ ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ ಬಳಗ ಬೆಂಗಳೂರಿನಲ್ಲೂ ಇದೆ. ಹಿರಿಯ ಪತ್ರಕರ್ತೆಯರನ್ನು ಹುಡುಕುವವರು ಅಲ್ಲಿಂದ ಶುರು ಮಾಡಬಹುದು.

ಹೆಜ್ಜೆ 9: ಮೂರು ತಿಂಗಳ ಮೇಲೆ

ತರಬೇತಿ ಮುಗಿಯುವ ಮುನ್ನ ಒಂದೇ ಪುಟದ ಹಾಳೆ ತಯಾರಾಗಲಿ. ವಚನದ ನಿಯಮ, ಬೇಡದ ಪದಗಳು, ಬದಲಿ ಪದಗಳು, ಗುರುತು ಮುಚ್ಚುವ ಪಟ್ಟಿ, 14416, ಮಹಿಳೆಯರಿಗೆ 181, ಮಕ್ಕಳಿಗೆ 1098. ಲ್ಯಾಮಿನೇಟ್ ಮಾಡಿಸಿ ಡೆಸ್ಕಿನ ಪ್ರತಿ ಕಂಪ್ಯೂಟರ್ ಪಕ್ಕ ಅಂಟಿಸಿ. ಎರಡು ಪುಟ ಆದರೆ ಯಾರೂ ಓದುವುದಿಲ್ಲ. ಜೊತೆಗೆ ಒಂದು ಫೋನ್ ನಂಬರ್ ಪಟ್ಟಿ ಮಾಡಿಸಿ. ನೀರು, ರಸ್ತೆ, ಬಜೆಟ್, ಆರೋಗ್ಯದ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲ ಹೆಂಗಸರು, ದಲಿತರು, ವಿಕಲಚೇತನರು. ರಾತ್ರಿ ಎಂಟಕ್ಕೆ ಬೈಟ್ (ಚಿಕ್ಕ ಹೇಳಿಕೆ) ಬೇಕಾದಾಗ ಕೈಗೆ ಸಿಗುವ ಹಾಗಿರಲಿ.

ಮೂರು ತಿಂಗಳಾದ ಮೇಲೆ ಮತ್ತೆ ಏಳು ದಿನದ ಪತ್ರಿಕೆ ತೆಗೆದು ಅದೇ ಕಾಲಂಗಳಲ್ಲಿ ಎಣಿಸಿ. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲರಿಗೂ ತೋರಿಸಿ. ಅಂಕಿ ಬದಲಾಗದಿದ್ದರೆ ಹಾಗೇ ಹೇಳಿ, ಯಾವ ಬೀಟ್‌ನಲ್ಲಿ (ಕ್ರೈಂ, ರಾಜಕೀಯ ಹೀಗೆ ವರದಿಗಾರರಿಗೆ ಹಂಚಿದ ವಿಷಯದಲ್ಲಿ) ಸಿಕ್ಕಿಕೊಂಡಿದೆ ನೋಡಿ, ಆ ಬೀಟ್‌ನವರ ಜೊತೆ ಇನ್ನೊಂದು ಅರ್ಧ ದಿನ ಕೂರಿ. ಹಾಗೇ ಆ ವಾರದ ಪತ್ರಿಕೆಗಳ ಒಂದು ಕಟ್ಟನ್ನು ಪಾಠ ಮಾಡಿದ ಪೌರಕಾರ್ಮಿಕರ ಮನೆಗೆ ತೆಗೆದುಕೊಂಡು ಹೋಗಿ. ಮನೆಯಲ್ಲಿ ಓದು ಬಲ್ಲ ಮಕ್ಕಳು ಯಾರಾದರೂ ಇದ್ದರೆ ಜೋರಾಗಿ ಓದಲು ಹೇಳಿ, ಪಕ್ಕದಲ್ಲಿ ನೋಟ್‌ಬುಕ್ ತೆರೆದು ಕೂತುಕೊಳ್ಳಿ.